ಹಳೆಯ ಅಮೆರಿಕನ್ ಹಾಡಿನ ಹಾಳೆ: ಮುಖಪುಟದ ಕಾಲ ಗುರುತಿಸುವುದು, ಕಾಪಾಡುವುದು ಹೇಗೆ?

ಅಮೆರಿಕದಲ್ಲಿರುವ ಕನ್ನಡದ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಹಳೆಸಾಮಾನಿನ ಅಂಗಡಿಯಲ್ಲೋ ಗ್ಯಾರೇಜ್ ಸೇಲ್‌ನಲ್ಲೋ ಬಣ್ಣದ ಚಿತ್ರವಿರುವ ಹಾಡಿನ ಹಾಳೆಯೊಂದು ಕಣ್ಣಿಗೆ ಬಿದ್ದಿರುತ್ತದೆ, ಮನಸ್ಸು ತಡೆಯದೆ ಕೊಂಡು ತಂದಿರುತ್ತಾರೆ. ಇದು ಯಾವ ವರ್ಷದ್ದು? ಅಸಲಿಯೋ, ಈಚೆಗೆ ಅಚ್ಚು ಹಾಕಿದ್ದೋ? ಫ್ರೇಮ್ ಹಾಕಿಸಬಹುದೇ? ಚಿತ್ರವನ್ನು ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಬಳಸಿಕೊಳ್ಳಬಹುದೇ? ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಡೀ ವಿಧಾನವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲೇ ಒಂದು ವಿನಂತಿ. ಇದನ್ನು ಓದಿ ಮುಗಿಸುವ ತನಕ ಮುಖಪುಟವನ್ನು ಒಳಹಾಳೆಗಳಿಂದ ಬಿಡಿಸಬೇಡಿ. ಆ ಚಿತ್ರ ಯಾವಾಗ ಅಚ್ಚಾಯಿತು ಎಂದು ಹೇಳುವ ಸುಳಿವುಗಳಲ್ಲಿ ಹೆಚ್ಚಿನವು ಚಿತ್ರದ ಮೇಲಿರುವುದಿಲ್ಲ. ಅವು ಒಳಪುಟದ ಅಡಿಯಲ್ಲಿ, ಹಿಂಬದಿಯ ಜಾಹೀರಾತಿನಲ್ಲಿ ಇರುತ್ತವೆ. ಚಿತ್ರ ಕತ್ತರಿಸಿ ಉಳಿದದ್ದನ್ನು ರದ್ದಿಗೆ ಹಾಕಿದ ಪ್ರತಿಗಳನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಶೀಟ್ ಮ್ಯೂಸಿಕ್ ಎಂದರೆ ಒಂದೇ ಹಾಡನ್ನು ಸಾಹಿತ್ಯದ ಸಮೇತ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚು ಹಾಕಿದ ಬಿಡಿ ಪ್ರತಿ. ಸಾಮಾನ್ಯವಾಗಿ ನಡುವೆ ಮಡಚಿದ ಒಂದು ದೊಡ್ಡ ಹಾಳೆ, ಕೆಲವೊಮ್ಮೆ ಅದರೊಳಗೆ ಇನ್ನೊಂದು ಬಿಡಿ ಹಾಳೆ. ರೇಡಿಯೋ ಮನೆಮನೆಗೆ ಬರುವ ಮುಂಚೆ ಪ್ರಕಾಶಕರ ಸಂಪಾದನೆ ಬಹುಪಾಲು ಈ ಹಾಳೆಗಳಿಂದಲೇ ಬರುತ್ತಿತ್ತು. ಮನೆಯಲ್ಲಿ ಪಿಯಾನೋ ಇದ್ದವರು ಹಾಳೆ ಕೊಂಡು ತಂದು ತಾವೇ ನುಡಿಸಿ ಹಾಡಿಕೊಳ್ಳುತ್ತಿದ್ದರು. ಚಾರ್ಲ್ಸ್ ಕೆ. ಹ್ಯಾರಿಸ್ ಅವರ 1892ರ 'ಆಫ್ಟರ್ ದ ಬಾಲ್' ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಮೇಲೆ ಈ ವ್ಯಾಪಾರದ ಗಾತ್ರ ಎಲ್ಲರಿಗೂ ಗೊತ್ತಾಯಿತು. ನ್ಯೂಯಾರ್ಕಿನ ಪಶ್ಚಿಮ 28ನೇ ಬೀದಿಯಲ್ಲಿ ಪ್ರಕಾಶಕರು ಸಾಲಾಗಿ ಕಚೇರಿ ತೆರೆದರು. ಆ ಬೀದಿಗೂ ಕ್ರಮೇಣ ಆ ಇಡೀ ಉದ್ಯಮಕ್ಕೂ 'ಟಿನ್ ಪ್ಯಾನ್ ಆಲಿ' ಎಂಬ ಹೆಸರು ಬಿತ್ತು. ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಹಾಳೆಗೆ ಹಾಡಿ ತೋರಿಸಲು ಬಾಯಿ ಇರಲಿಲ್ಲ. ದಾರಿಹೋಕರನ್ನು ನಿಲ್ಲಿಸುವ ಕೆಲಸ ಮುಖಪುಟದ ಚಿತ್ರದ್ದೇ ಆಗಿತ್ತು. ಈ ಲೇಖನ 1890ರಿಂದ 1920ರ ದಶಕದ ಕೊನೆಯವರೆಗಿನ ಅಮೆರಿಕನ್ ಪ್ರತಿಗಳಿಗೆ ಸಂಬಂಧಿಸಿದ್ದು.

ಬೇಕಾಗುವ ಸಾಮಾನು: ಸ್ಕೇಲು ಅಥವಾ ಟೇಪು, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುವ ಸಣ್ಣ ಭೂತಗನ್ನಡಿ, ಅವರ ಉಪಕರಣ ಮಾರುವ ಅಂಗಡಿಯಲ್ಲಿ ಸಿಗುತ್ತದೆ), ಮೆತ್ತನೆಯ ಬ್ರಷ್, ಪೆನ್ಸಿಲು, ಹಾಳೆಗಿಂತ ದೊಡ್ಡದಾದ ಒಂದು ಸ್ವಚ್ಛ ರಟ್ಟು. ಹಾಳೆಯ ಹತ್ತಿರ ಪೆನ್ನು ಇಟ್ಟುಕೊಳ್ಳಲೇಬೇಡಿ.

1. ಕೈಗೆತ್ತಿಕೊಳ್ಳುವ ರೀತಿ

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಅಷ್ಟೇ ಸಾಕು. ಹತ್ತಿಯ ಕೈಗವಸು ಬೇಡ. ಅದನ್ನು ಹಾಕಿಕೊಂಡರೆ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಹಪ್ಪಳದಂತಾದ ಕಾಗದದ ಅಂಚಿಗೆ ನೂಲು ಸಿಕ್ಕಿಕೊಂಡು ಚೂರು ಕಿತ್ತುಬರುತ್ತದೆ. ಹಾಳೆಯನ್ನು ರಟ್ಟಿನ ಮೇಲಿಟ್ಟು ರಟ್ಟಿನ ಸಮೇತ ಎತ್ತಿ. ಮಡಿಕೆಯನ್ನು ಪೂರ್ತಿ 180 ಡಿಗ್ರಿಗೆ ಬಿಚ್ಚಿ ಒತ್ತಬೇಡಿ. ಒಳಗಿನ ಅಡಿಸಾಲು ಓದುವಷ್ಟು ತೆರೆದರೆ ಸಾಕು.

2. ಅಳತೆ

ಮೊದಲು ಉದ್ದಗಲ ಅಳೆದು ಬರೆದುಕೊಳ್ಳಿ. ಮೊದಲ ಮಹಾಯುದ್ಧದವರೆಗೆ ಬಂದ ಪ್ರತಿಗಳು ದೊಡ್ಡವು, ಸುಮಾರು 10.5 ಇಂಚು ಅಗಲ, 13.5 ಇಂಚು ಉದ್ದ. ಅಮೆರಿಕ ಯುದ್ಧಕ್ಕಿಳಿದ ಮೇಲೆ ಕಾಗದ ಉಳಿಸಬೇಕಾಗಿ ಬಂತು. ಲಿಯೋ ಫೈಸ್ಟ್ ಸಂಸ್ಥೆ 1918ರ ಸುಮಾರಿಗೆ 'ವಾರ್ ಎಡಿಷನ್' ಎಂದು ಮುದ್ರಿಸಿ, ಕಾಗದ ಉಳಿಸಲು ಸರ್ಕಾರದೊಡನೆ ಸಹಕರಿಸುತ್ತಿದ್ದೇವೆ ಎಂಬ ಸೂಚನೆಯೊಡನೆ ಸಣ್ಣ ಪ್ರತಿಗಳನ್ನು ಹೊರತಂದಿತು. ಯುದ್ಧ ಮುಗಿದ ಮೇಲೂ ಹಳೆಯ ದೊಡ್ಡ ಅಳತೆ ಮರಳಲಿಲ್ಲ. 1920ರ ಹೊತ್ತಿಗೆ 9 ಇಂಚು ಅಗಲ, 12 ಇಂಚು ಉದ್ದವೇ ರೂಢಿಯಾಯಿತು.

ಹಾಗಾಗಿ ಅಳತೆಯೊಂದರಿಂದಲೇ ಯುದ್ಧಕ್ಕೆ ಹಿಂದಿನದೋ ಮುಂದಿನದೋ ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಇಲ್ಲೊಂದು ಮೋಸವಿದೆ. ಎಷ್ಟೋ ಮಂದಿ ದೊಡ್ಡ ಹಾಳೆಯನ್ನು ಪಿಯಾನೋ ಸ್ಟೂಲಿನ ಪೆಟ್ಟಿಗೆಗೆ ಹಿಡಿಸಲೆಂದು ಅಂಚು ಕತ್ತರಿಸಿದ್ದಾರೆ. ಚಿತ್ರದ ಚೌಕಟ್ಟಿನ ಗೆರೆ ಒಂದು ಬದಿಯಲ್ಲಿ ಮಾಯವಾಗಿದ್ದರೆ, ಕಲಾವಿದನ ಸಹಿ ಅರ್ಧಕ್ಕೆ ಕಡಿದಿದ್ದರೆ, ಒಳಪುಟದ ಸಾಲುಗಳು ಅಂಚಿಗೆ ತಾಗಿಕೊಂಡಿದ್ದರೆ ಅದು ಕತ್ತರಿ ಕಂಡ ಪ್ರತಿ. ಬೆನ್ನಿನ ಉದ್ದಕ್ಕೂ ಹೊಲಿಗೆಯ ತೂತುಗಳಿದ್ದರೆ ಯಾರೋ ಹಲವು ಹಾಡುಗಳನ್ನು ಸೇರಿಸಿ ಬೈಂಡ್ ಮಾಡಿಸಿಟ್ಟಿದ್ದರೆಂದು ಅರ್ಥ. ಬೈಂಡರು ಸಾಮಾನ್ಯವಾಗಿ ಮೂರೂ ಬದಿ ಸವರಿರುತ್ತಾರೆ.

3. ಒಳಪುಟದ ವರ್ಷ

ಸ್ವರಲಿಪಿಯ ಮೊದಲ ಪುಟದ ಅಡಿಯಲ್ಲಿ ಕಾಪಿರೈಟ್ ಎಂಬ ಮಾತು, ವರ್ಷ, ಪ್ರಕಾಶಕರ ಹೆಸರು ಇರುತ್ತವೆ. ವರ್ಷ ಬಹಳ ಸಲ ರೋಮನ್ ಅಂಕಿಯಲ್ಲಿರುತ್ತದೆ. ಎಂ ಎಂದರೆ 1000, ಸಿ-ಎಂ ಜೊತೆಯಾದರೆ 900, ಎಕ್ಸ್ 10, ವಿ 5, ಐ 1. ಎಂ-ಸಿ-ಎಂ ಆದಮೇಲೆ ಎಕ್ಸ್-ಐ ಬಂದರೆ 1911, ಐ-ಎಕ್ಸ್ ಬಂದರೆ 1909. ಅವಸರದಲ್ಲಿ ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ತುಂಬ.

ಈ ವರ್ಷ ಹಾಡಿನದು, ನಿಮ್ಮ ಕೈಯಲ್ಲಿರುವ ಮುಖಪುಟದ್ದಲ್ಲ. ಇಡೀ ಲೇಖನದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಮಾತೊಂದಿದ್ದರೆ ಅದು ಇದೇ. ಹಾಡು ಓಡುತ್ತಿದ್ದಷ್ಟು ಕಾಲ ಪ್ರಕಾಶಕರು ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು, ಮುಖಪುಟ ಬದಲಾಯಿಸುತ್ತಿದ್ದರು, ಒಳಪುಟದ ಅಡಿಸಾಲು ಮಾತ್ರ ಹಾಗೇ ಉಳಿಯುತ್ತಿತ್ತು. ಮೂರು ಉದಾಹರಣೆ ಕೊಡುತ್ತೇನೆ.

ಸ್ಕಾಟ್ ಜಾಪ್ಲಿನ್ ಅವರ 'ಮೇಪಲ್ ಲೀಫ್ ರ‍್ಯಾಗ್' 1899ರಲ್ಲಿ ಮಿಸೌರಿಯ ಸೆಡೇಲಿಯಾ ಊರಿನ ಜಾನ್ ಸ್ಟಾರ್ಕ್ ಅಂಡ್ ಸನ್ ಸಂಸ್ಥೆಯಿಂದ ಬಂತು. ಮೊದಲ ಮುಖಪುಟದಲ್ಲಿದ್ದುದು ಕಪ್ಪು ಜನಾಂಗದ ಎರಡು ಜೋಡಿಗಳ ಚಿತ್ರ. ಇಂದು ಹೆಚ್ಚಾಗಿ ಕಾಣಸಿಗುವ, ದೊಡ್ಡ ಮೇಪಲ್ ಎಲೆಯಿರುವ ಮುಖಪುಟ ನಂತರದ್ದು. ಸ್ಟಾರ್ಕ್ ಆಮೇಲೆ ಸೇಂಟ್ ಲೂಯಿಸ್‌ಗೆ ಹೋದರು. ಆದ್ದರಿಂದ ಮುಖಪುಟದಲ್ಲಿ ಆ ಊರಿನ ಹೆಸರಿದ್ದರೆ, ಒಳಗೆ 1899 ಎಂದಿದ್ದರೂ ಅದು ಮೊದಲ ಮುದ್ರಣವಲ್ಲ.

ಇರ್ವಿಂಗ್ ಬರ್ಲಿನ್ ಅವರ 'ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್' 1911ರದು. ಪ್ರಕಾಶಕರು ಟೆಡ್ ಸ್ನೈಡರ್ ಕಂಪನಿ, ಮುಖಪುಟ ಬರೆದವರು ಜಾನ್ ಫ್ರೂ. ಆ ಕಂಪನಿ 1912ರ ಹೊತ್ತಿಗೆ ವಾಟರ್‌ಸನ್, ಬರ್ಲಿನ್ ಅಂಡ್ ಸ್ನೈಡರ್ ಎಂದು ಹೆಸರು ಬದಲಿಸಿತು. 1919ರಲ್ಲಿ ಬರ್ಲಿನ್ ತಮ್ಮದೇ ಸಂಸ್ಥೆ ತೆರೆದರು. ಚಿತ್ರ ಫ್ರೂ ಅವರದೇ ಇದ್ದರೂ ಪ್ರಕಾಶಕರ ಹೆಸರು ಯಾವುದೆಂದು ನೋಡಿದರೆ ಮುದ್ರಣ ಯಾವ ಅವಧಿಯದೆಂದು ತಿಳಿಯುತ್ತದೆ.

ಇನ್ನು ಜಾರ್ಜ್ ಎಂ. ಕೋಹನ್ ಅವರ 'ಓವರ್ ದೇರ್'. ಹಾಡು 1917ರದು. ಮೊದಲು ಪ್ರಕಟಿಸಿದವರು ವಿಲಿಯಂ ಜೆರೋಮ್. ಹಕ್ಕು ಲಿಯೋ ಫೈಸ್ಟ್ ಅವರಿಗೆ ಹೋದ ಮೇಲೆ ಮುಖಪುಟಗಳು ಒಂದಾದ ಮೇಲೊಂದು ಬಂದವು. ಸೈನಿಕರು ಬೆಂಕಿಯ ಸುತ್ತ ಕುಳಿತು ಹಾಡುವ ಚಿತ್ರವಿರುವ ಮುಖಪುಟ ನಾರ್ಮನ್ ರಾಕ್‌ವೆಲ್ ಅವರದು, 1918ರದು. ಒಳಗಿನ 1917 ನೋಡಿ 'ಮೊದಲ ಮುದ್ರಣ' ಎಂದು ಮಾರುವ ಜಾಹೀರಾತನ್ನು ನಂಬಿ ಹೆಚ್ಚು ಹಣ ಕೊಡಬೇಡಿ.

4. ಹಿಂಬದಿ

ಹಿಂದಿನ ಪುಟದಲ್ಲಿ ಅದೇ ಪ್ರಕಾಶಕರ ಬೇರೆ ಹಾಡುಗಳ ಜಾಹೀರಾತು ಇರುತ್ತದೆ, ಎಷ್ಟೋ ಸಲ ಮೊದಲ ಕೆಲವು ಸಾಲುಗಳ ಸ್ವರಲಿಪಿ ಸಮೇತ. ಮುದ್ರಣದ ಕಾಲ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅಲ್ಲಿರುವ ಹಾಡುಗಳ ಹೆಸರೆಲ್ಲ ಪಟ್ಟಿ ಮಾಡಿ, ಒಂದೊಂದರ ವರ್ಷ ಹುಡುಕಿ. ಎಲ್ಲಕ್ಕಿಂತ ಈಚಿನದು ಯಾವ ವರ್ಷದ್ದೋ, ನಿಮ್ಮ ಪ್ರತಿ ಅದಕ್ಕಿಂತ ಹಿಂದೆ ಅಚ್ಚಾಗಿರಲು ಸಾಧ್ಯವಿಲ್ಲ. ವರ್ಷ ಹುಡುಕಲು ಅಮೆರಿಕದ ಕಾಪಿರೈಟ್ ಕಚೇರಿಯ ನೋಂದಣಿ ಪಟ್ಟಿಗಳ ಸಂಗೀತ ವಿಭಾಗ ನೆರವಾಗುತ್ತದೆ. ಆ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿವೆ.

ಮುಖಪುಟದ ಮೇಲೆ ಅಚ್ಚಾಗಿರುವ ಬೆಲೆಯನ್ನು ಮಾತ್ರ ನೆಚ್ಚಬೇಡಿ. 50 ಸೆಂಟ್ ಎಂದು ಅಚ್ಚಾಗಿದ್ದ ಹಾಳೆಗಳು ಅಂಗಡಿಯಲ್ಲಿ ಅದರ ಸಣ್ಣ ಪಾಲಿಗೆ ಮಾರಾಟವಾಗುತ್ತಿದ್ದವು.

ಚಿತ್ರವೇ ಇಲ್ಲದ, ತೆಳು ಅಗ್ಗದ ಕಾಗದದ ಪ್ರತಿ ಸಿಕ್ಕಿದರೆ 'ಪ್ರೊಫೆಷನಲ್ ಕಾಪಿ' ಎಂದು ಬರೆದಿದೆಯೇ ನೋಡಿ. ವೇದಿಕೆಯ ಗಾಯಕರಿಗೆ ಪ್ರಚಾರಕ್ಕಾಗಿ ಪುಕ್ಕಟೆ ಹಂಚುತ್ತಿದ್ದ ಪ್ರತಿ ಅದು. ಮುಖಪುಟ ಕಳೆದುಹೋಗಿದೆಯೆಂದು ಬೇಸರಪಡಬೇಕಿಲ್ಲ.

5. ಚಿತ್ರ, ಸಹಿ, ಒಳಗಿನ ಫೋಟೋ

ಈಗ ಚಿತ್ರಕ್ಕೆ ಬನ್ನಿ. ಕೆಳಗಿನ ಮೂಲೆಗಳಲ್ಲಿ, ಹುಲ್ಲಿನ ಗೆರೆಗಳ ನಡುವೆ, ಉಡುಪಿನ ಮಡಿಕೆಯಲ್ಲಿ ಸಹಿ ಹುಡುಕಿ. ಹೆಚ್ಚಾಗಿ ಎದುರಾಗುವ ಹೆಸರುಗಳು: ಸ್ಟಾರ್ಮರ್, ಆಲ್ಬರ್ಟ್ ಬಾರ್ಬೆಲ್, ಇ. ಎಚ್. ಫೈಫರ್, ಆಂದ್ರೆ ಡಿ ಟಕಾಕ್ಸ್, ಫ್ರೆಡರಿಕ್ ಮ್ಯಾನಿಂಗ್, ಜೀನ್ ಬಕ್, ರೋಸೆನ್‌ಬಾಮ್ ಸ್ಟುಡಿಯೊ, 1920ರ ದಶಕದಲ್ಲಾದರೆ ಸಿಡ್ನಿ ಲೆಫ್. ಜೀನ್ ಬಕ್ ಆಮೇಲೆ ಕುಂಚ ಬಿಟ್ಟು ಹಾಡು ಬರೆಯಲು ಹೊರಟು ಜೀಗ್‌ಫೆಲ್ಡ್ ಫಾಲೀಸ್ ಪ್ರದರ್ಶನಗಳ ಗೀತರಚನಕಾರರಾದರು.

'ಸ್ಟಾರ್ಮರ್' ಎಂಬ ಸಹಿಯ ವಿಷಯದಲ್ಲಿ ಎಚ್ಚರ. ಇಂಗ್ಲೆಂಡಿನಿಂದ ಬಂದ ವಿಲಿಯಂ ಮತ್ತು ಫ್ರೆಡರಿಕ್ ಎಂಬ ಅಣ್ಣತಮ್ಮಂದಿರಿಬ್ಬರೂ ಬರಿಯ ಮನೆತನದ ಹೆಸರನ್ನೇ ಹಾಕುತ್ತಿದ್ದರು. ಬೇರೆ ಆಧಾರವಿಲ್ಲದೆ ಇಬ್ಬರಲ್ಲೊಬ್ಬರ ಹೆಸರು ಬರೆಯಬೇಡಿ. ಡಿ ಟಕಾಕ್ಸ್ 1919ರಲ್ಲಿ ತೀರಿಕೊಂಡರು. ಅವರ ಸಹಿಯಿದ್ದರೆ ಮೂಲ ಚಿತ್ರ ಅದಕ್ಕಿಂತ ಹಿಂದಿನದೆಂದು ಖಚಿತ. ಸಹಿಯೇ ಇಲ್ಲದ ಮುಖಪುಟಗಳೂ ಸಾಕಷ್ಟಿವೆ. ಶೈಲಿ ನೋಡಿ ಊಹಿಸಿದರೆ ಊಹೆ ಎಂದೇ ಬರೆದಿಡಿ.

ಚಿತ್ರದ ನಡುವೆ ಗುಂಡಗೋ ಚೌಕವಾಗಿಯೋ ಗಾಯಕರ ಫೋಟೋ ಇರುವುದನ್ನು ಗಮನಿಸಿರಬಹುದು. ಸಂಗ್ರಾಹಕರು ಇದನ್ನು 'ಇನ್‌ಸೆಟ್' ಎನ್ನುತ್ತಾರೆ. ಹೆಸರಾಂತ ಗಾಯಕರು ತಮ್ಮ ಹಾಡನ್ನು ವೇದಿಕೆಯಲ್ಲಿ ಹಾಡಲಿ ಎಂಬ ಆಸೆಗೆ ಪ್ರಕಾಶಕರು ಅವರ ಮುಖವನ್ನು ಮುಖಪುಟಕ್ಕೆ ಹಾಕುತ್ತಿದ್ದರು. ಊರೂರಿಗೆ ಗಾಯಕರು ಬೇರೆಯಾದಂತೆ ಫೋಟೋ ಬದಲಾಗುತ್ತಿತ್ತು, ಸುತ್ತಲಿನ ಚಿತ್ರ ಅದೇ ಉಳಿಯುತ್ತಿತ್ತು. 'ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್'ನ ಒಂದು ಪ್ರತಿಯಲ್ಲಿ ಎಮ್ಮಾ ಕೇರಸ್ ಇದ್ದರೆ ಇನ್ನೊಂದರಲ್ಲಿ ಬೇರೆಯವರಿದ್ದಾರೆ. ಆದ್ದರಿಂದ ನಿಮ್ಮ ಪ್ರತಿ ಇಂಟರ್ನೆಟ್ಟಿನಲ್ಲಿ ಕಂಡದ್ದಕ್ಕಿಂತ ಬೇರೆಯಾಗಿದೆ ಎಂದಮಾತ್ರಕ್ಕೆ ಅದು ನಕಲಿಯಲ್ಲ.

ಇದೇ ಹಂತದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈ ಕಾಲದ ಎಷ್ಟೋ ಮುಖಪುಟಗಳು ಆಫ್ರಿಕನ್ ಅಮೆರಿಕನ್ನರನ್ನು ತುಟಿ, ಕಣ್ಣು ಉಬ್ಬಿಸಿ ವಿಕಾರವಾಗಿ ಚಿತ್ರಿಸಿವೆ. 1890ರ ದಶಕದಲ್ಲಿ ಅಂಥ ಹಾಡುಗಳ ಒಂದು ಅಲೆಯೇ ಎದ್ದಿತ್ತು. ಬಣ್ಣ ಚೆನ್ನಾಗಿದೆ ಎಂದು ಅಂಥದ್ದನ್ನು ಬೈಠಕ್‌ಖಾನೆಯಲ್ಲಿ ತೂಗುಹಾಕುವುದು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನೋಡುವವರಿಗೆ ಅದು ಅವಮಾನ. ಹಾಗೆಂದು ಹರಿದು ಬಿಸಾಡಲೂಬಾರದು. ಆ ಅವಮಾನ ಹೇಗೆ ಮನೆಮನೆಯ ಪಿಯಾನೋ ಮೇಲೆ ಕುಳಿತಿತ್ತು ಎಂಬುದಕ್ಕೆ ಅದು ಸಾಕ್ಷಿ. ಹಂಚಿಕೊಳ್ಳುವುದಿದ್ದರೆ ಏನು, ಯಾವಾಗಿನದು, ಏಕೆ ತೋರಿಸುತ್ತಿದ್ದೇನೆ ಎಂದು ಪಕ್ಕದಲ್ಲೇ ಬರೆದು ಹಂಚಿಕೊಳ್ಳಿ.

ನಮ್ಮವರು ಆಸೆಯಿಂದ ಕೊಳ್ಳುವ 'ಪೂರ್ವದೇಶ'ದ ಮುಖಪುಟಗಳಿಗೂ ಇದೇ ಎಚ್ಚರ ಬೇಕು. ಷಿಕಾಗೋದ ಫಾರ್‌ಸ್ಟರ್ ಸಂಸ್ಥೆ 1918ರಲ್ಲಿ ಪ್ರಕಟಿಸಿದ 'ಹಿಂದೂಸ್ತಾನ್' ಬರೆದವರು ಆಲಿವರ್ ವಾಲೆಸ್ ಮತ್ತು ಹೆರಾಲ್ಡ್ ವೀಕ್ಸ್ ಎಂಬ ಅಮೆರಿಕನ್ನರು. 'ಪೂರ್ವದೇಶ'ದ ಹಾಡುಗಳ ಗೀಳು ಹಿಡಿದಿದ್ದ ಆ ಕಾಲದಲ್ಲಿ ಅರೇಬಿಯಾ, ಈಜಿಪ್ಟ್, ಭಾರತ ಎಲ್ಲ ಒಂದೇ ಮಡಕೆಯಲ್ಲಿ ಬೆಂದವು. ಅವನ್ನು ಭಾರತದ ದಾಖಲೆ ಎಂದು ಓದಬೇಡಿ.

6. ಲೂಪ್ ಹಿಡಿದು ಅಸಲಿಯ ಪರೀಕ್ಷೆ

ಕಿಟಕಿಯ ಬೆಳಕಿನಲ್ಲಿ ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಸ್ಪಷ್ಟ ಕಾಣುವವರೆಗೆ ಹಾಳೆಯತ್ತ ಬಗ್ಗಿ. ಆ ಕಾಲದ ಬಣ್ಣದ ಮುಖಪುಟಗಳು ಹೆಚ್ಚಾಗಿ ಲಿಥೋಗ್ರಫಿಯವು. ಎಣ್ಣೆಯ ಮಸಿ ಮತ್ತು ನೀರು ಒಂದಕ್ಕೊಂದು ಬೆರೆಯದ ಗುಣವನ್ನೇ ಬಳಸಿ, ಮಟ್ಟಸವಾದ ಕಲ್ಲು ಅಥವಾ ಸತುವಿನ ತಗಡಿನಿಂದ ಅಚ್ಚು ತೆಗೆಯುವ ಈ ವಿಧಾನವನ್ನೇ ನಾವು ಕಲ್ಲಚ್ಚು ಎನ್ನುವುದು. 1843ರಲ್ಲಿ ಬಾಸೆಲ್ ಮಿಷನ್ ಹೊರತಂದ 'ಮಂಗಳೂರು ಸಮಾಚಾರ' ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಒಂದೊಂದು ಬಣ್ಣಕ್ಕೂ ಬೇರೆ ತಗಡು ಬೇಕಾದ್ದರಿಂದ ಅಗ್ಗದ ಹಾಡುಗಳಿಗೆ ಎರಡು ಮೂರು ಬಣ್ಣದಲ್ಲೇ ಮುಗಿಸುತ್ತಿದ್ದರು. ಕಲಾವಿದರ ಜಾಣ್ಮೆ ಕಾಣುವುದು ಅಲ್ಲೇ: ಕಿತ್ತಳೆ ಮತ್ತು ಕಪ್ಪು ಎರಡೇ ಬಣ್ಣ, ಜೊತೆಗೆ ಖಾಲಿ ಬಿಟ್ಟ ಕಾಗದದ ಬಿಳುಪು, ಇಷ್ಟರಲ್ಲೇ ಸೂರ್ಯಾಸ್ತವನ್ನು ನಿಲ್ಲಿಸಿಬಿಡುತ್ತಿದ್ದರು. ಇದಕ್ಕೆ ಅಪವಾದ ಇ. ಟಿ. ಪಾಲ್ ಅವರ ಮಾರ್ಚ್‌ಗಳು (ಹೆಜ್ಜೆ ಹಾಕುವ ಲಯದ ಸಂಗೀತ ಕೃತಿಗಳು). 1894ರ ಬೆನ್‌ಹರ್ ರಥದೋಟದ ಮಾರ್ಚ್, 1903ರ 'ದ ಬರ್ನಿಂಗ್ ಆಫ್ ರೋಮ್' ಮುಂತಾದವಕ್ಕೆ ಎ. ಹೋನ್ ಕಂಪನಿ ಮುದ್ರಿಸಿದ, ಬಣ್ಣಕ್ಕೆ ಸ್ವಲ್ಪವೂ ಜಿಪುಣತನ ಮಾಡದ ಮುಖಪುಟಗಳಿವೆ. ಇಂದು ಅತಿ ಹೆಚ್ಚು ನಕಲಾಗುವುದೂ ಇಂಥವೇ.

ಲೂಪಿನಲ್ಲಿ ಕಾಣಬೇಕಾದದ್ದು ಇಷ್ಟು. ಅಸಲಿ ಪ್ರತಿಯಲ್ಲಿ ಬಣ್ಣದ ಜಾಗಗಳು ಒಂದೇ ಮಸಿಯ ಗಟ್ಟಿ ಹರವಾಗಿ ಅಥವಾ ಕೈಯಿಂದ ಹಾಕಿದ ಕ್ರೇಯಾನ್ ತರಿಯಾಗಿ ಕಾಣುತ್ತವೆ. ಅಕ್ಷರಗಳ ಅಂಚು ಚೂಪಾಗಿರುತ್ತದೆ. ಇನ್‌ಸೆಟ್ ಫೋಟೋ ಮಾತ್ರ ಸಾಲುಸಾಲಾದ ಚುಕ್ಕೆಗಳಾಗಿ ಒಡೆಯುತ್ತದೆ. ಇದನ್ನು ಹಾಫ್‌ಟೋನ್ ಎನ್ನುತ್ತಾರೆ, ಫೋಟೋವನ್ನು ದಪ್ಪ ಸಣ್ಣ ಚುಕ್ಕೆಗಳಾಗಿ ಬಿಡಿಸಿ ಅಚ್ಚು ಹಾಕುವ ಕ್ರಮ. ಈಚಿನ ಆಫ್‌ಸೆಟ್ ಮರುಮುದ್ರಣವಾದರೆ ಅಕ್ಷರ, ಬಣ್ಣ, ಹಳೆ ಕಾಗದದ ಕಂದು ಕಲೆ ಸಮೇತ ಎಲ್ಲವೂ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳ ಪುಟ್ಟ ಹೂವಿನ ಆಕಾರಗಳಾಗಿ ಒಡೆದಿರುತ್ತದೆ. ಇಂಕ್‌ಜೆಟ್ ಪ್ರಿಂಟಾದರೆ ಚುಕ್ಕೆಗಳಿಗೆ ಕ್ರಮವೇ ಇರುವುದಿಲ್ಲ. ಕಾಗದದ ಕಂದುಬಣ್ಣವೇ ಚುಕ್ಕೆಗಳಿಂದ ಆಗಿದೆ ಎಂದು ಕಂಡಕೂಡಲೇ ಪರೀಕ್ಷೆ ಮುಗಿಯಿತು, ಅದು ನಕಲು.

ಕೊನೆಗೆ ದೊಡ್ಡ ಗ್ರಂಥಾಲಯದ ಪ್ರತಿಯೊಂದಿಗೆ ಹೋಲಿಸಿ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲೆಸ್ಟರ್ ಲೆವಿ ಸಂಗ್ರಹದಲ್ಲಿ ಸುಮಾರು 29,000 ಹಾಡಿನ ಹಾಳೆಗಳಿವೆ, ಬಹಳಷ್ಟರ ಚಿತ್ರಗಳನ್ನು ಮನೆಯಿಂದಲೇ ನೋಡಬಹುದು. ಡ್ಯೂಕ್ ವಿಶ್ವವಿದ್ಯಾಲಯ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹಗಳೂ ಹೀಗೆಯೇ ತೆರೆದಿವೆ.

7. ಕಾಪಾಡುವುದು

ಅಗ್ಗದ ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದಂತೆ ಕಂದಾಗುತ್ತದೆ. ಕಾಗದದೊಳಗಿನ ಆಮ್ಲ ನಾರನ್ನು ತಿನ್ನುತ್ತಾ ಹೋಗುತ್ತದೆ. ಇದನ್ನು ನಿಲ್ಲಿಸಲಾಗದು, ನಿಧಾನಗೊಳಿಸಬಹುದು.

ಒಂದೊಂದು ಪ್ರತಿಯನ್ನೂ ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ, ಇಲ್ಲವೇ ಪಾಲಿಯೆಸ್ಟರ್ ಹಾಳೆಯ (ಮೈಲಾರ್ ಎನ್ನುವುದು ಇದನ್ನೇ) ಲಕೋಟೆಯಲ್ಲಿಟ್ಟು, ಚಪ್ಪಟೆಯಾಗಿ ಪೆಟ್ಟಿಗೆಯಲ್ಲಿ ಮಲಗಿಸಿ. ಸ್ಟೇಷನರಿ ಅಂಗಡಿಯ ಮೆತ್ತನೆಯ ಪಿವಿಸಿ ಕವರ್ ಬೇಡ. ಅದು ಆಮ್ಲ ಬಿಡುತ್ತದೆ, ಮಸಿಗೆ ಅಂಟಿಕೊಳ್ಳುತ್ತದೆ. ತಾಪ 21 ಡಿಗ್ರಿ ಸೆಲ್ಸಿಯಸ್ ಒಳಗೆ, ಗಾಳಿಯ ತೇವಾಂಶ ಶೇ. 35ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಊರಿಗೆ ತಂದಿಡುವವರಿಗೆ, ಅದರಲ್ಲೂ ಮಂಗಳೂರು ಉಡುಪಿ ಕಡೆಯವರಿಗೆ, ಮಳೆಗಾಲದಲ್ಲಿ ಇದು ಕಷ್ಟ. ಹೊರಗೋಡೆಗೆ ತಾಗದ ಕಪಾಟು, ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ತೆರೆದು ನೋಡುವ ಅಭ್ಯಾಸ, ಇಷ್ಟಾದರೂ ಇರಲಿ. ನುಸಿಗುಳಿಗೆಯನ್ನು ಹಾಳೆಯ ಜೊತೆ ಹಾಕಬೇಡಿ.

ಮಾಡಲೇಬಾರದ್ದು: ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು, ಇಸ್ತ್ರಿಪೆಟ್ಟಿಗೆ ಹಾಕುವುದು, ಮೈದಾ ಅಂಟು ಬಳಸುವುದು. ಟೇಪಿನ ಅಂಟು ಕೆಲವು ವರ್ಷದಲ್ಲಿ ಕಾಗದದೊಳಗೆ ಇಳಿದು ಹಳದಿ ಪಟ್ಟೆಯಾಗುತ್ತದೆ. ಮೈದಾ ಹುಳಗಳಿಗೆ ಔತಣ. ಹರಿದದ್ದನ್ನು ಸಂರಕ್ಷಕರು ತೆಳು ಜಪಾನಿ ಕಾಗದ ಮತ್ತು ಶುದ್ಧ ಗೋಧಿ ಪಿಷ್ಟದ ಅಂಟಿನಿಂದ ಜೋಡಿಸುತ್ತಾರೆ. ಕೈಪಳಗದಿದ್ದರೆ ಹರಿದದ್ದು ಹರಿದಂತೆಯೇ ಲಕೋಟೆಯಲ್ಲಿರಲಿ. ಧೂಳನ್ನು ಬ್ರಷ್ಷಿನಿಂದ ಒಳಗಿನಿಂದ ಅಂಚಿನ ಕಡೆಗೆ ಗುಡಿಸಿ. ಹಳೆಯ ಯಜಮಾನರ ಹೆಸರು, ಅಂಗಡಿಯ ಮೊಹರು ಇದ್ದರೆ ಅಳಿಸಬೇಡಿ. ಹಾಳೆ ಯಾವ ಊರಿನಲ್ಲಿ ಬಾಳಿತು ಎಂದು ಹೇಳಲು ಇರುವುದು ಅವು ಮಾತ್ರ.

8. ಸ್ಕ್ಯಾನ್ ಮತ್ತು ಫ್ರೇಮ್

ದೊಡ್ಡ ಅಳತೆಯ ಪ್ರತಿ ಎ4 ಸ್ಕ್ಯಾನರಿನಲ್ಲಿ ಹಿಡಿಸುವುದಿಲ್ಲ, ಎ3 ಬೇಕು. 600 ಡಿಪಿಐ, ಪೂರ್ಣ ಬಣ್ಣ, ಟಿಫ್ ಫೈಲು. ಒಂದು ಪುಟಕ್ಕೆ ಸುಮಾರು 150 ಎಂಬಿ ಆಗುತ್ತದೆ. ಆಗಲಿ, ಇದು ಮೂಲಪ್ರತಿ. ಹಂಚಲು ಬೇರೆ ಜೆಪೆಗ್ ಮಾಡಿಕೊಳ್ಳಿ. ಹಿಂಬದಿಯ ಅಕ್ಷರ ಮೂಡದಂತೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಿ. ಕಂದುಬಣ್ಣ ತೆಗೆಯುವುದು, ಚುಕ್ಕೆ ಮಸುಕುಗೊಳಿಸುವುದು ಮುಂತಾದ ತಿದ್ದುಪಡಿಯೆಲ್ಲ ಜೆಪೆಗ್‌ನಲ್ಲೇ ಇರಲಿ. ಮುಖಪುಟ ಮಾತ್ರವಲ್ಲ, ಒಳಪುಟ ಹಿಂಬದಿ ಎಲ್ಲವನ್ನೂ ಸ್ಕ್ಯಾನ್ ಮಾಡಿ.

ಗೋಡೆಗೆ ಈ ಸ್ಕ್ಯಾನಿನ ಪ್ರಿಂಟನ್ನೇ ಫ್ರೇಮ್ ಹಾಕಿಸಿ. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು, ಹೋದ ಬಣ್ಣ ಮರಳುವುದಿಲ್ಲ. ಒಳ್ಳೆಯ ಪ್ರಿಂಟು ದೂರದಿಂದ ಅಷ್ಟೇ ಸೊಗಸಾಗಿ ಕಾಣುತ್ತದೆ, ಅಸಲಿ ಪ್ರತಿ ಪೆಟ್ಟಿಗೆಯಲ್ಲಿ ಕ್ಷೇಮವಾಗಿರುತ್ತದೆ.

9. ಬಳಸುವ ಹಕ್ಕು

ಅಮೆರಿಕದಲ್ಲಿ ಈ ಕಾಲದ ಪ್ರಕಟಣೆಗಳ ಹಕ್ಕು ಹೆಚ್ಚೆಂದರೆ 95 ವರ್ಷ. ಪ್ರಕಟವಾದ ವರ್ಷಕ್ಕೆ 95 ಕೂಡಿಸಿ. ಅದರ ಮರುವರ್ಷದ ಜನವರಿ 1ರಿಂದ ಅದು ಎಲ್ಲರ ಸ್ವತ್ತು. 1930ರಲ್ಲಿ ಪ್ರಕಟವಾದದ್ದು 2026ರ ಜನವರಿ 1ರಿಂದ ಮುಕ್ತ. ಇಲ್ಲೂ 3ನೇ ಹಂತದ ಮಾತು ನೆನಪಿರಲಿ: ಹಾಡಿನ ವರ್ಷ ಹಳೆಯದಾಗಿ ಮುಖಪುಟ ಬಹಳ ಈಚಿನದಾಗಿದ್ದರೆ ಚಿತ್ರಕ್ಕೆ ಅದರದೇ ವರ್ಷ ಹಿಡಿದು ಲೆಕ್ಕ ಹಾಕಬೇಕು. ಹಾಡಿನ ಧ್ವನಿಮುದ್ರಣಕ್ಕೆ ಬೇರೆಯೇ ನಿಯಮವಿದೆ.

ಭಾರತದ ಕಾನೂನಿನಲ್ಲಿ ಸಾಮಾನ್ಯ ಎಣಿಕೆ ಕಲಾವಿದರ ಮರಣಾನಂತರ 60 ವರ್ಷ. ಸಿಡ್ನಿ ಲೆಫ್ ತೀರಿಕೊಂಡದ್ದು 2005ರಲ್ಲಿ. ಆದ್ದರಿಂದ ಬೆಂಗಳೂರಿನಲ್ಲಿ ಪುಸ್ತಕದ ಕವರಿಗೋ ಮಾರಾಟದ ಪೋಸ್ಟರಿಗೋ ಬಳಸುವ ಮುನ್ನ ಕಲಾವಿದರ ಮರಣದ ವರ್ಷ ತಿಳಿದುಕೊಂಡು ವಕೀಲರನ್ನೊಮ್ಮೆ ಕೇಳಿ. ಹಕ್ಕು ಮುಗಿದಿದ್ದರೂ ಕಲಾವಿದರ ಹೆಸರು ಹಾಕಿ. ಬದುಕಿದ್ದಾಗ ಅವರಲ್ಲಿ ಬಹಳಷ್ಟು ಜನರ ಹೆಸರನ್ನು ಹಾಡು ಕೊಂಡವರು ಓದಿಯೂ ಇರಲಿಲ್ಲ.

10. ಬರೆದಿಡುವುದು

ಫೋಲ್ಡರಿನ ಮೇಲೆ, ಹಾಳೆ ಒಳಗಿಡುವ ಮುಂಚೆಯೇ, ಪೆನ್ಸಿಲಿನಲ್ಲಿ ಇಷ್ಟು ಬರೆಯಿರಿ: ಹಾಡಿನ ಹೆಸರು, ಹಾಡಿನ ಕಾಪಿರೈಟ್ ವರ್ಷ, ಈ ಪ್ರತಿ ಅಚ್ಚಾದ ಅಂದಾಜು ಕಾಲ ಮತ್ತು ಅದಕ್ಕೆ ಆಧಾರ, ಪ್ರಕಾಶಕರು, ಊರು, ಕಲಾವಿದರ ಸಹಿ ಇದ್ದಹಾಗೆಯೇ, ಇನ್‌ಸೆಟ್‌ನಲ್ಲಿರುವವರ ಹೆಸರು, ಅಳತೆ, ಅಂಚು ಕತ್ತರಿಸಿದೆಯೇ, ಎಲ್ಲಿ, ಯಾವಾಗ ಕೊಂಡದ್ದು. ಎರಡು ವರ್ಷಗಳನ್ನು ಬೇರೆಬೇರೆ ಸಾಲಿನಲ್ಲಿ ಬರೆಯಿರಿ. ಅಚ್ಚಾದ ಕಾಲ ಗೊತ್ತಾಗದಿದ್ದರೆ ಆ ಸಾಲನ್ನು ಖಾಲಿ ಬಿಡಿ, ಹಾಡಿನ ವರ್ಷದಿಂದ ಅದನ್ನು ತುಂಬಬೇಡಿ.